ಕತ್ತು ಕಾಣದ ಕಾಲರು

ನಮ್ಮಕ್ಕ ಬಟ್ಟೆ ಕತ್ತರಿಸುವ ಟೇಬಲನ್ನು ಏಳನೇ ಸಲ ಜರುಗಿಸಿದ ದಿನ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ನನ್ನ ತಾಳ್ಮೆ ಮೊದಲೇ ಅಷ್ಟಕ್ಕಷ್ಟೆ. ಇದ್ದಷ್ಟನ್ನೂ ಆ ಟೇಬಲೇ ತಿಂದು ಹಾಕಿತ್ತು.

"ಕಿಟಕಿ ಹತ್ರ ಇತ್ತಲ್ಲ, ಅಲ್ಲೇನು ರೋಗ ಬಂದಿತ್ತು ಅದಕ್ಕೆ?" ಅಂತ ಕೇಳಿದೆ.

"ಬಿಸಿಲು ಕಣ್ಣಿಗೆ ಹೊಡೆಯುತ್ತೆ ಕಣೇ."

"ಬಾಗಿಲ ಹತ್ರ?"

"ಬರೋರು ಹೋಗೋರು ಎಡವ್ತಾರೆ."

"ಹಾಗಾದ್ರೆ ಅಟ್ಟದ ಮೇಲೆ ಹಾಕು. ಅಲ್ಲಿ ಯಾರೂ ಎಡವಲ್ಲ."

ಅಡುಗೆಮನೆಯಿಂದ ಭಾವನ ದನಿ ಬಂತು. "ಅಟ್ಟದಲ್ಲಿ ಜಾಗ ಇಲ್ಲಮ್ಮಾ. ಅಲ್ಲಿ ನನ್ನ ಕುರ್ಚಿ ಇದೆ."

ಭಾವ ಫ್ಯಾನು, ಮಿಕ್ಸಿ ರಿಪೇರಿ ಮಾಡುವವರು. "ಸುತ್ತುವ ವಸ್ತು ಯಾವುದೇ ಆಗಲಿ, ಒಂದಲ್ಲ ಒಂದು ದಿನ ನಿಲ್ಲಲೇಬೇಕು, ನನ್ನ ಹೆಂಡತಿ ಒಬ್ಬಳನ್ನು ಬಿಟ್ಟು" ಅನ್ನುತ್ತಾರೆ. ಅವರು ಇಪ್ಪತ್ತು ವರ್ಷ ಕೂತು ಪೇಪರ್ ಓದಿದ ಕುರ್ಚಿಯನ್ನು ಅಕ್ಕ ಒಂದೇ ಬೆಳಗ್ಗೆ ಅಟ್ಟಕ್ಕೆ ಏರಿಸಿದ್ದಳು. ಅಂದಿನಿಂದ ಅವರು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಓದುತ್ತಿದ್ದರು, ಒಂದು ಮಾತೂ ಆಡದೆ. ನಾನಾಗಿದ್ದರೆ ಮನೆ ತಲೆಕೆಳಗೆ ಮಾಡುತ್ತಿದ್ದೆ.

ಅವರ ಮನೆಯ ಮುಂದಿನ ಕೋಣೆ ಹತ್ತಡಿಗೆ ಹದಿನಾಲ್ಕು. ಬಾಗಿಲು ನೇರ ಬೀದಿಗೆ ತೆರೆಯುತ್ತದೆ. ಸೋಫಾ, ಟೀವಿ ಎಲ್ಲ ಒಳಕೋಣೆಗೆ ಹೋಗಿ ಅಲ್ಲಿ ಮಲಗುವವರು ಅಡ್ಡಡ್ಡ ನಡೆಯಬೇಕಾಗಿತ್ತು. ಮುಂದೆ ನಾಲ್ಕು ಮಷೀನು: ಅಕ್ಕ ದುಡಿಯುತ್ತಿದ್ದ ಫ್ಯಾಕ್ಟರಿ ಮುಚ್ಚಿದಾಗ ಅಗ್ಗಕ್ಕೆ ಸಿಕ್ಕ ಮೂರು ಕರೆಂಟಿನವು, ನಮ್ಮಮ್ಮನ ಕಾಲದ್ದು ತುಳಿಯುವುದೊಂದು. ಗೋಡೆಗೆ ಭಾವ ಎರಡು ಟ್ಯೂಬ್‌ಲೈಟ್ ಹಾಕಿ, ಒಂದೊಂದು ಮಷೀನಿಗೂ ಒಂದೊಂದು ಸ್ವಿಚ್ ಕೊಟ್ಟಿದ್ದರು. ಕತ್ತರಿಗೊಂದು ಮೊಳೆ, ಟೇಪಿಗೊಂದು ಮೊಳೆ. ಎಲ್ಲವೂ ಅಚ್ಚುಕಟ್ಟು. ಟೇಬಲಿಗೆ ಮಾತ್ರ ಜಾಗವಿಲ್ಲ, ಅಕ್ಕನಿಗೆ ನೆಮ್ಮದಿಯಿಲ್ಲ.

ಇದಕ್ಕೆಲ್ಲ ಕಾರಣ ನಾನೇ. ಇರಲಾರದೆ ಇರುವೆ ಬಿಟ್ಟುಕೊಂಡವಳು ನಾನು. ಅಕ್ಕ ಇಪ್ಪತ್ತೆರಡು ವರ್ಷ ದುಡಿದ ಅಂಗಿ ಫ್ಯಾಕ್ಟರಿಗೆ ಬೀಗ ಬಿತ್ತು. ಅದೇ ತಿಂಗಳು ಅವಳ ಬಲಗೈ ಬೆರಳು ಜೋಮು ಹಿಡಿಯತೊಡಗಿ, ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, ಕತ್ತಿನ ಮೂಳೆ ಸವೆದಿದೆ, ಇನ್ನು ದಿನಕ್ಕೆ ಒಂಬತ್ತು ಗಂಟೆ ಕತ್ತು ಬಗ್ಗಿಸಿ ಕೂತರೆ ಕೈ ನಿಮ್ಮದಾಗಿ ಉಳಿಯೋದಿಲ್ಲ ಅಂದರು. ನಾನು ಹೆದರಿಬಿಟ್ಟೆ. ನನಗಿರುವುದು ಒಬ್ಬಳೇ ಅಕ್ಕ. ಹೊಲಿಯೋದು ಬೇಡ, ಹೇಳಿಕೊಡು ಅಂದೆ. ನಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಯಲ್ಲೇ ಬೋರ್ಡು ಟೈಪು ಮಾಡಿ, ಲ್ಯಾಮಿನೇಷನ್ ಹಾಕಿಸಿ, ಅವಳನ್ನು ಕೇಳದೆಯೇ ಬಾಗಿಲಿಗೆ ಹೊಡೆದೆ: "ಹೊಲಿಗೆ ತರಗತಿ. ಇಪ್ಪತ್ತೆರಡು ವರ್ಷಗಳ ಅನುಭವ."

ಎಂಟು ದಿನದಲ್ಲಿ ಐದು ಜನ ಹೆಸರು ಕೊಟ್ಟರು. ಅಕ್ಕ ಮೂರು ಸಲ ತಾರೀಖು ಮುಂದೂಡಿದಳು. ಒಂದು ಸಲ ಬೆಳಕು ಸರಿಯಿಲ್ಲ, ಒಂದು ಸಲ ಮಷೀನಿಗೆ ಎಣ್ಣೆ ಬಿಟ್ಟಿಲ್ಲ, ಇನ್ನೊಂದು ಸಲ ಈ ದರಿದ್ರ ಟೇಬಲು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಎಂದು ನಾನು ತಮಾಷೆಗೆ ಅಂದೆ. ಅಕ್ಕನ ಮುಖ ಒಮ್ಮೆಲೇ ಬಿಳಿಚಿಕೊಂಡಿತು. ಹೊಸ ಕೆಲಸದ ಭಯ ಅಂದುಕೊಂಡೆ. ಧೈರ್ಯಕ್ಕಿರಲಿ ಅಂತ ಅಂಗಡಿಯಲ್ಲಿ ಮಧ್ಯಾಹ್ನದ ಪಾಳಿ ಕೇಳಿಕೊಂಡು ನಾನೇ ಆರನೇ ವಿದ್ಯಾರ್ಥಿನಿಯಾಗಿ ಸೇರಿಕೊಂಡೆ.

ಅಂತೂ ತರಗತಿ ಶುರುವಾಯಿತು, ಬೆಳಗ್ಗೆ ಹನ್ನೊಂದರಿಂದ ಒಂದು. ಮೊದಲು ಬಂದವರು ಹೆಡ್‌ಮಿಸ್, ಮೂರನೇ ಬೀದಿಯಲ್ಲಿರುವ ನಿವೃತ್ತ ಮುಖ್ಯೋಪಾಧ್ಯಾಯಿನಿ. ಆಮೇಲೆ ಕಾಂಪೌಂಡರ ಹೆಂಡತಿ, ಬಾಯಿಗೆ ಬೀಗವಿಲ್ಲದ ಹೆಂಗಸು. ಕಿವಿಯಲ್ಲಿ ಸದಾ ವೈರು ಸಿಕ್ಕಿಸಿಕೊಂಡಿರುವ ಹುಡುಗಿಯೊಬ್ಬಳು, ಅವಳನ್ನು ನಾವು ಹೆಡ್‌ಫೋನು ಅಂತಲೇ ಕರೆದೆವು. ಕೊನೆಗೆ ಬೇಕರಿಯ ಅತ್ತೆ ಮತ್ತು ಸೊಸೆ. ಅಕ್ಕಪಕ್ಕದ ಮಷೀನಿನಲ್ಲಿ ಕೂತರೂ ಒಬ್ಬರಿಗೊಬ್ಬರು ನೇರವಾಗಿ ಮಾತಾಡರು. "ಯಾರಾದ್ರೂ ಕತ್ತರಿ ಕೊಟ್ರೆ ಒಳ್ಳೇದು" ಎಂದು ಅತ್ತೆ ಗೋಡೆಗೆ ಹೇಳಬೇಕು, ಸೊಸೆ ಗಾಳಿಗೆ ಕೊಟ್ಟಂತೆ ಕೊಡಬೇಕು.

ಹೆಡ್‌ಮಿಸ್ ಅಕ್ಕನನ್ನು "ಟೀಚರ್" ಅಂತ ಕರೆಯುತ್ತಿದ್ದರು. ಸಾವಿರಾರು ಮಕ್ಕಳನ್ನು ಗದರಿದ ಬಾಯಿಂದ ಆ ಮಾತು ಬಂದಾಗಲೆಲ್ಲ ಅಕ್ಕ ಕೂತಲ್ಲಿಂದ ಎದ್ದು ಏನನ್ನಾದರೂ ಸರಿಮಾಡುತ್ತಿದ್ದಳು. ಸರಿಯಿದ್ದ ಕಿಟಕಿ ಪರದೆ, ಸರಿಯಿದ್ದ ದಾರದ ಡಬ್ಬಿ.

ಆದರೆ ಕಾಲರ್ ಹೇಳಿಕೊಡುವಾಗ ಅವಳನ್ನು ನೋಡಬೇಕಿತ್ತು! ಎರಡು ತುಂಡು ಬಟ್ಟೆ, ನಡುವೆ ಬಿಗಿ ನಿಲ್ಲಲು ಕ್ಯಾನ್ವಾಸು. ಮೂರು ಕಡೆ ಹೊಲಿಗೆ. ಮೂಲೆಯಲ್ಲಿ ಸೂಜಿಯನ್ನು ಬಟ್ಟೆಯಲ್ಲೇ ನಿಲ್ಲಿಸಿ, ಒಂದೇ ಒಂದು ಅಡ್ಡ ಹೊಲಿಗೆ ಹಾಕಿ, ಮತ್ತೆ ತಿರುಗಿಸಬೇಕು. ಆ ಒಂದು ಹೊಲಿಗೆ ತಪ್ಪಿದರೆ ಮೊನೆ ಮೊಂಡಾಗುತ್ತದೆ. ಆಮೇಲೆ ಅಂಚನ್ನು ಕೂದಲೆಳೆಯಷ್ಟು ಬಿಟ್ಟು ಕತ್ತರಿಸಿ, ಮೊದಲೇ ಮೂಲೆಯಲ್ಲಿ ಸಿಕ್ಕಿಸಿಟ್ಟ ದಾರ ಹಿಡಿದು ಎಳೆದರೆ, ಟಪ್ಪಂತ ಮೊನೆ ಹೊರಗೆ. ಅವಳ ಕೈಯಲ್ಲಿ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ಕಾಂಪೌಂಡರ ಹೆಂಡತಿಯ ಬಾಯಿ ಕೂಡ ಎರಡು ನಿಮಿಷ ಮುಚ್ಚಿತ್ತು ಅಂದರೆ ನೀವೇ ಲೆಕ್ಕ ಹಾಕಿ.

ಮೊದಲ ವಾರ ಕಾಲರ್. ಎರಡನೇ ವಾರ ಕಾಲರ್. ಮೂರನೇ ವಾರವೂ ಕಾಲರ್! ಟೇಬಲಿನ ಮೇಲೆ ಕಾಲರುಗಳ ರಾಶಿ ಬಿದ್ದಿತ್ತು, ಮೈಯಿಲ್ಲದೆ, ತೋಳಿಲ್ಲದೆ.

"ಟೀಚರ್, ಒಂದು ಸಂದೇಹ" ಎಂದರು ಹೆಡ್‌ಮಿಸ್. "ಎಪ್ಪತ್ತೆರಡು ಆಗಿದೆ. ನಾನು ಎಣಿಸಿದೀನಿ. ಅಂಗಿ ಯಾವಾಗ?"

"ನಮ್ಮನೇವ್ರೂ ಅದನ್ನೇ ಕೇಳ್ತಿದಾರೆ" ಎಂದಳು ಕಾಂಪೌಂಡರ ಹೆಂಡತಿ. "ಬರೀ ಕಾಲರ್ ಹಾಕ್ಕೊಂಡು ಆಸ್ಪತ್ರೆಗೆ ಹೋಗೋಕಾಗುತ್ತೇನೇ ಅಂತ."

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ಹಲ್ಲು ಮಾತ್ರ. "ನಾಳೆ" ಅಂದಳು.

ತರಗತಿ ಮುಗಿದ ಮೇಲೆ ನನ್ನ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು. ಬಟ್ಟೆ ಒಗೆಯುವ ಕಲ್ಲಿನ ಸುತ್ತ ಮೂರು ಸಲ ಸುತ್ತಿದಳು.

"ಏನಾಯ್ತೇ ನಿಂಗೆ?"

"ನನಗೆ ಅಂಗಿ ಹೊಲಿಯೋಕೆ ಬರಲ್ಲ."

"ಯಾವ ಅಂಗಿ?"

"ಯಾವ ಅಂಗೀನೂ."

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸಿಟ್ಟು ನೆತ್ತಿಗೇರಿತು. "ಹಾಗಾದ್ರೆ ಇಪ್ಪತ್ತೆರಡು ವರ್ಷ ಅಲ್ಲೇನು ಮಣ್ಣು ಹೊರ್ತಿದ್ದೆಯಾ?"

"ಕಾಲರ್ ಮಾಡ್ತಿದ್ದೆ. ಎಡಗಡೆಯಿಂದ ತುಂಡು ಬರೋದು. ಹೊಲಿದು, ತಿರುಗಿಸಿ, ಬಲಗಡೆ ಕೊಡೋದು. ಅದಕ್ಕೆ ಪಟ್ಟಿ ಹಾಕೋಳು ಬೇರೆ, ಅಂಗಿಗೆ ಸೇರಿಸೋಳು ಬೇರೆ. ದಿನಕ್ಕೆ ಮುನ್ನೂರು. ತಲೆ ಎತ್ತಿದ್ರೆ ಸೂಪರ್‌ವೈಸರ್ ಬೈತಿದ್ದ. ಅದು ಎಲ್ಲಿಗೆ ಹೋಯ್ತು, ಯಾರ ಮೈಮೇಲೆ ಕೂತ್ಕೊಂಡ್ತು, ನನಗೇನು ಗೊತ್ತು? ನನ್ನ ಕೈಯಾರೆ ಮಾಡಿದ ಒಂದು ಕಾಲರನ್ನ ಒಂದು ಕತ್ತಿನ ಮೇಲೆ ನಾನು ನೋಡಿಲ್ಲ ಕಣೇ."

"ಮತ್ತೆ ನಮ್ಮನೇವ್ರಿಗೆ ಕೊಟ್ಟ ಅಂಗಿ? ನಾನೇ ಹೊಲಿದಿದ್ದು ಅಂದ್ಯಲ್ಲ! ಆ ಮನುಷ್ಯ ಆಫೀಸಲ್ಲೆಲ್ಲ ಹೇಳ್ಕೊಂಡು ಬಂದಿದಾರೆ, ನಮ್ಮ ಅತ್ತಿಗೆ ಹೊಲಿದಿದ್ದು ಅಂತ!"

"ಫ್ಯಾಕ್ಟರೀಲಿ ನಮ್ಮ ಲೈನಿದ್ದೇ. ಆದ್ರೆ ಕಾಲರಿಗೆ ನಾಲ್ಕು ಜನ ಕೂರ್ತಿದ್ವಿ. ಅದು ನನ್ನ ಕೈದೋ ಪಕ್ಕದವಳ ಕೈದೋ, ಅದೂ ಗೊತ್ತಿಲ್ಲ."

"ಬೋರ್ಡು ಹಾಕುವಾಗ ಯಾಕೆ ಬಾಯಿ ಬಿಡ್ಲಿಲ್ಲ?"

"ನೀನು ಯಾವತ್ತು ಕೇಳಿ ಮಾಡಿದೀಯ?" ಅಂದಳು. ಅಕ್ಕ ಕಲ್ಲಿನ ಮೇಲೆ ಕೂತು ಮತ್ತೆ ಎದ್ದಳು. "ಸೂಪರ್‌ವೈಸರ್ ಫೋನ್ ಮಾಡಿದ್ದ. ಊರಾಚೆ ಹೊಸ ಫ್ಯಾಕ್ಟರಿ ಶುರುವಾಗಿದೆಯಂತೆ. ಕಾಲರಿಗೆ ಕೈ ಬೇಕಂತೆ. ಒಂದನೇ ತಾರೀಖಿಗೆ ಬಂದ್ಬಿಡು ಅಂದ. ನಾನು ಹೋಗ್ತೀನಿ ಕಣೇ. ನನಗೆ ಬರೋದು ಅದೊಂದೇ."

"ಕೈ ಹೋಗುತ್ತೆ ಅಂದಿದಾರೆ ಡಾಕ್ಟ್ರು!"

"ಹೋದಾಗ ಹೋಗ್ಲಿ. ಈಗ ಮರ್ಯಾದೆ ಹೋಗ್ತಾ ಇದೆಯಲ್ಲ."

ಒಂದನೇ ತಾರೀಖಿಗೆ ಹದಿನಾರು ದಿನವಿತ್ತು. ಅಷ್ಟರೊಳಗೆ ಇವಳು ಅಂಗಿ ಕಲಿಯಬೇಕು, ಇಲ್ಲವಾದರೆ ಹೋಗಿ ಮತ್ತೆ ಕತ್ತು ಬಗ್ಗಿಸಿ ಕೂರುತ್ತಾಳೆ. ನಾನು ಸೀದಾ ಮನೆಗೆ ಹೋಗಿ ನಮ್ಮನೆಯವರ ಆ ಅಂಗಿಯನ್ನೇ ತಂದು ಅವಳ ಮಡಿಲಿಗೆ ಎಸೆದೆ. "ಬಿಚ್ಚು" ಅಂದೆ.

ಅರ್ಧ ಬ್ಲೇಡು ಹಿಡಿದು ಇಬ್ಬರೂ ನೆಲದ ಮೇಲೆ ಕೂತೆವು. ಬಿಚ್ಚುವಾಗ ಅಕ್ಕ ಹೊಲಿಗೆ ನೋಡಿ ಅದು ಯಾರ ಕೈದಿರಬಹುದು ಅಂತ ಊಹಿಸುತ್ತಿದ್ದಳು. "ಈ ತೋಳು ಹಾಕಿದವಳು ನೋಡು, ದಾರ ಬಿಗಿ ಎಳೀತಾಳೆ. ಅವಳ ಸ್ವಭಾವವೂ ಹಾಗೇ." ಸಂಜೆಯ ಹೊತ್ತಿಗೆ ಅಂಗಿ ತುಂಡುತುಂಡಾಗಿ ನೆಲದ ತುಂಬ ಹರಡಿಕೊಂಡಿತ್ತು. ಬೆನ್ನು, ಎರಡು ಎದೆ, ಹೆಗಲ ಪಟ್ಟಿ, ಎರಡು ತೋಳು, ಕೈಪಟ್ಟಿ, ಜೇಬು. ಹಳೇ ಪೇಪರಿನ ಮೇಲೆ ಒಂದೊಂದನ್ನೇ ಇಟ್ಟು ಗೀರೆಳೆದೆವು. ಭಾವ ಬಂದು ನೋಡಿ, "ಪೋಸ್ಟ್‌ಮಾರ್ಟಂ ಮುಗೀತಾ? ಸಾವಿಗೆ ಕಾರಣ ಏನಂತೆ?" ಎಂದು ಕೇಳಿ ಒಳಗೆ ಹೋದರು. ಅಂಗಿ ಎಲ್ಲಿ ಅಂತ ನಮ್ಮನೆಯವರು ವಾರಗಟ್ಟಲೆ ಹುಡುಕಿದರು. ನಾನೂ ಅವರ ಜೊತೆ ಹುಡುಕಿದೆ.

ಅಂದಿನಿಂದ ನಮ್ಮದು ಒಂದೇ ಒಂದು ದಿನ ಮುಂದಿರುವ ಬಾಳು. ಬೆಳಗ್ಗೆ ಐದಕ್ಕೆ ಎದ್ದು ಅಕ್ಕ ತೋಳು ಹಚ್ಚುವುದನ್ನು ಕಲಿಯಬೇಕು, ಮರುದಿನ ಹನ್ನೊಂದಕ್ಕೆ ಹುಟ್ಟಿನಿಂದ ಬಂದವಳ ಹಾಗೆ ಹೇಳಿಕೊಡಬೇಕು. ಒಮ್ಮೆ ಎರಡು ತೋಳನ್ನೂ ಒಂದೇ ಕಡೆಯವು ಮಾಡಿದಳು. ಒಮ್ಮೆ ಜೇಬನ್ನು ಬೆನ್ನಿಗೆ ಹಾಕಿದಳು. ತರಗತಿಯಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಅವಳ ಎಡಗಾಲು ನೆಲದ ಮೇಲೆ ಇಲ್ಲದ ಪೆಡಲು ಒತ್ತಲು ಶುರುಮಾಡುತ್ತಿತ್ತು. ಊಟಕ್ಕೆ ಕೂತರೂ ಒತ್ತುತ್ತಿತ್ತು. ಟೇಬಲು ಎಂಟನೇ ಜಾಗಕ್ಕೆ ಹೋಯಿತು, ಒಂಬತ್ತನೆಯದಕ್ಕೂ ಹೋಯಿತು. ಸೂಪರ್‌ವೈಸರ್ ಮತ್ತೆ ಫೋನು ಮಾಡಿದ. "ಹೇಳ್ತೀನಿ ಸಾರ್, ಹೇಳ್ತೀನಿ" ಎಂದು ಇಟ್ಟಳು. ಆ ಫೋನು ಎಲ್ಲಿ ಬಡಿದುಕೊಂಡರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ಹೇಗೋ ದೋಣಿ ತೇಲುತ್ತಿತ್ತು. ಅಷ್ಟರಲ್ಲಿ ಒಂದು ದಿನ ಎಲ್ಲರೂ ಹೋದ ಮೇಲೆ ಹೆಡ್‌ಮಿಸ್ ಉಳಿದುಕೊಂಡರು. ಅಷ್ಟು ಜೋರಿನ ಹೆಂಗಸು ಅಂದು ಬ್ಯಾಗಿನ ಹಿಡಿಯನ್ನು ತಿರುಚುತ್ತಾ ನಿಂತಿದ್ದರು.

"ನಾನು ಹೊಲಿಗೆ ಕಲಿಯೋಕೆ ಬಂದಿದ್ದು ಒಂದೇ ಒಂದು ಅಂಗಿಗೋಸ್ಕರ" ಎಂದರು. ಅವರ ಯಜಮಾನರು ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು. ಹೋದ ವರ್ಷ ಲಕ್ವ ಹೊಡೆದು ಬಲಗೈ ಎದೆಗೆ ಮಡಚಿಕೊಂಡು ನಿಂತುಬಿಟ್ಟಿದೆ. ಮಾತೂ ಕಡಿಮೆಯಾಗಿದೆ. ಕಾಲು ಎಳೆದುಕೊಂಡು ನಡೆಯಬಲ್ಲರು, ಆದರೆ ಮನೆ ಬಿಟ್ಟು ಹೊರಗೆ ಬರುವುದಿಲ್ಲ. "ಮಡಚಿದ ಕೈ ಯಾವ ತೋಳಿಗೂ ಹೋಗಲ್ಲ. ಆಸ್ಪತ್ರೆಯಲ್ಲಿ ಹಾಕ್ತಾರಲ್ಲ, ಹಿಂದೆ ಕಟ್ಟೋ ಗೌನು, ಅದನ್ನೇ ಹಾಕ್ತಾ ಇದೀನಿ. ನಲವತ್ತು ವರ್ಷ ಕಾಲರಿಲ್ಲದೆ ಬಾಗಿಲಾಚೆ ಕಾಲಿಟ್ಟವರಲ್ಲ ಅವರು. ಇದನ್ನ ಹಾಕ್ಕೊಂಡು ಹೇಗೆ ಹೊರಗೆ ಬರ್ತಾರೆ? ಮೂರು ಟೈಲರ್ ಹತ್ರ ಹೋದೆ. ಅಂಥದ್ದೆಲ್ಲ ಹೊಲಿಯಲ್ಲ ಅಂದ್ರು. ನೀವು ಹೊಲಿದುಕೊಡ್ತೀರಾ, ಟೀಚರ್?"

ಬೇಡ ಅನ್ನು, ಬೇಡ ಅನ್ನು ಎಂದು ನಾನು ಹಿಂದಿನಿಂದ ಕಣ್ಣು, ಕೈ, ತಲೆ ಎಲ್ಲ ಆಡಿಸಿದೆ.

"ಹೊಲೀತೀನಿ ಮಿಸ್" ಅಂದಳು ನಮ್ಮಕ್ಕ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಅಂದರೆ ಇದೇ.

ಮರುದಿನ ಅಳತೆಗೆ ಹೋದೆವು. ಅವರು ಮಂಚದ ಅಂಚಿಗೆ ಕೂತಿದ್ದರು, ಹೂಗಳಿರುವ ಮಾಸಲು ಗೌನು ತೊಟ್ಟು, ನಮ್ಮನ್ನು ನೋಡದೆ. ಅಕ್ಕ ಎದುರಿಗೆ ಸ್ಟೂಲು ಹಾಕಿಕೊಂಡು ಅಳೆದಳು. "ಎದೆ ಮೂವತ್ತೆಂಟು. ಎಡಗಡೆ ತೋಳು ಪೂರ್ತಿ ತೆರೀಬೇಕು, ಕೈಯಿಂದ ಕಂಕುಳಿಗೆ, ಕಂಕುಳಿಂದ ಕೆಳಗಂಚಿಗೆ. ಪ್ರೆಸ್ ಬಟನ್." ನಾನು ಬರೆದುಕೊಂಡೆ. ಹೇಳಿದ್ದನ್ನು ಹೇಳಿದ ಹಾಗೆ ಇಳಿಸುವುದು ನನ್ನ ಕಸುಬು. ಕೈಯನ್ನು ತೋಳಿಗೆ ತೂರಿಸುವುದೇ ಬೇಡ, ತೆರೆದ ಬಟ್ಟೆಯನ್ನು ಕೈಯ ಸುತ್ತ ತಂದು ಬಟನ್ ಒತ್ತಿದರೆ ಸಾಕು. ಯೋಚನೆ ಬಹಳ ಚೆನ್ನಾಗಿತ್ತು. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ, ಅವಳಿಗೇ ಹೊಳೆದಿತ್ತು. ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಮೂರು ದಿನ ಅವಳು ಮಷೀನು ಬಿಟ್ಟು ಏಳಲಿಲ್ಲ. ಯಾರನ್ನೂ ಮುಟ್ಟಗೊಡಲಿಲ್ಲ. ತಿಳಿನೀಲಿ ಬಟ್ಟೆ. ಕಾಲರನ್ನು ಮಾತ್ರ ಎರಡು ಸಲ ಮಾಡಿದಳು, ಮೊದಲನೆಯದು ನನ್ನ ಕಣ್ಣಿಗೆ ಸರಿಯಾಗಿಯೇ ಇತ್ತು. ಅಂಗಿ ಇಸ್ತ್ರಿಯಾಗಿ ಟೇಬಲಿನ ಮೇಲೆ ಬಿದ್ದಿದ್ದಾಗ ನಾನು ನಂಬಿಬಿಟ್ಟೆ: ಗೆದ್ದಳು ನಮ್ಮಕ್ಕ.

ಹೆಡ್‌ಮಿಸ್ ಅಂಗಿಯನ್ನು ಬಿಡಿಸಿ ಯಜಮಾನರ ಬೆನ್ನ ಮೇಲೆ ಹೊದಿಸಿದರು. ಆಮೇಲೆ ಅವರ ಕೈ ನಿಂತಿತು. ಅಂಗಿ ತಿರುಗಿಸಿದರು. ಮತ್ತೆ ತಿರುಗಿಸಿದರು.

ತೆರೆದಿದ್ದ ತೋಳು ಎಡಗಡೆಗಿತ್ತು. ಅವರ ಮಡಚಿದ ಕೈ ಬಲಗೈ.

ಎದುರು ಕೂತು ಅಳೆದವಳಿಗೆ ಅವರ ಬಲ ಎಡವಾಗಿ ಕಂಡಿತ್ತು. ಬರೆದುಕೊಂಡ ನನಗೂ ಬುದ್ಧಿ ಓಡಿರಲಿಲ್ಲ. ಹೆಡ್‌ಮಿಸ್ ಅಷ್ಟು ಬಿಡಿಸಿ ಹೇಳಿದ್ದರು, ಬಲಗೈ ಅಂತ! ಅಳತೆಯ ಟೇಪು ಕೈಗೆ ಬಂದದ್ದೇ ಇಬ್ಬರ ತಲೆಯಿಂದಲೂ ಅದು ಹಾರಿಹೋಗಿತ್ತು. ಯಜಮಾನರು ಮುಖ ಕೆಂಪಗಾಗಿ ಕಣ್ಣು ಮುಚ್ಚಿಕೊಂಡರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಅಕ್ಕ ಎದ್ದು ನಿಂತಳು. ಓಡಿಹೋಗುತ್ತಾಳೆ ಅಂದುಕೊಂಡೆ.

"ಕಾಲರಿಗೆ ಎಡ ಬಲ ಇಲ್ಲ ಮಿಸ್" ಅಂದಳು. "ಇಪ್ಪತ್ತೆರಡು ವರ್ಷ ನಾನು ಎಡ ಬಲ ನೋಡಿದವಳೇ ಅಲ್ಲ. ಕಾಲರ್ ಬಿಟ್ಟು ಬೇರೇನೂ ನನಗೆ ಬರ್ತಿರಲಿಲ್ಲ. ನಿಮಗೆ ಹೇಳಿಕೊಟ್ಟಿದ್ದೆಲ್ಲ ಹಿಂದಿನ ದಿನ ಕಲಿತಿದ್ದು. ಇವಳ ಗಂಡನ ಅಂಗಿ ಬಿಚ್ಚಿ ಕಲಿತಿದ್ದು. ನಾನು ಟೀಚರ್ ಅಲ್ಲ ಮಿಸ್. ಹಾಗೆ ಕರೀಬೇಡಿ, ನಿಮ್ಮ ದಮ್ಮಯ್ಯ. ಒಂದನೇ ತಾರೀಖು ನಾನು ಫ್ಯಾಕ್ಟರಿಗೆ ಹೋಗ್ತಾ ಇದೀನಿ."

ಅಂಗಿ ಯಜಮಾನರ ತೊಡೆಯ ಮೇಲೆ ಜಾರಿ ಬಿದ್ದಿತ್ತು. ಅವರು ಕಣ್ಣು ಬಿಟ್ಟು, ಸರಿಯಿದ್ದ ಕೈಯಿಂದ ಅದನ್ನು ತಡವಿದರು. ಕಾಲರು ಬೆರಳಿಗೆ ಸಿಕ್ಕಿತು. ಹೆಬ್ಬೆರಳಿನಿಂದ ಅಂಚು ಸವರುತ್ತಾ ಮೊನೆಯವರೆಗೆ ಹೋಗಿ ಅಲ್ಲಿ ನಿಂತರು. ಮತ್ತೊಮ್ಮೆ ಸವರಿದರು.

"ಇದು" ಅಂದರು. ಮುಂದಿನ ಮಾತಿಗೆ ಬಹಳ ಹೊತ್ತು ಹಿಡಿಯಿತು. "ಇದು... ಬಿಚ್ಚಬೇಡಿ."

ಹೆಡ್‌ಮಿಸ್ ಮೂಗು ಒರೆಸಿಕೊಂಡರು. ಕನ್ನಡಕ ಸರಿಮಾಡಿಕೊಂಡ ಮೇಲೆ ಹಳೆಯ ದನಿ ಬಂತು. "ಕೇಳಿಸ್ತಲ್ಲ? ಕಾಲರ್ ಬಿಟ್ಟು ಉಳಿದಿದ್ದೆಲ್ಲ ಬಿಚ್ಚೋಣ. ನಾಳೆ ಇದನ್ನ ಕ್ಲಾಸಿಗೆ ತನ್ನಿ. ಮತ್ತೆ, ಈಗ ನನಗೆ ಹೇಳಿದ್ದನ್ನ ಅವರಿಗೂ ಹೇಳಿ."

"ಎಲ್ಲರೂ ಬಿಟ್ಟು ಹೋಗ್ತಾರೆ ಮಿಸ್."

"ಹೋಗೋರು ಹೋಗ್ಲಿ. ನಾನು ಬರ್ತೀನಿ. ನನಗೆ ಅಂಗಿ ಬೇಕು."

ಮರುದಿನ ಅಕ್ಕ ಹೇಳಿದಳು, ಎಲ್ಲರ ಮುಂದೆ, ಅಂಗಿಯನ್ನು ಎದೆಗೆ ಒತ್ತಿಹಿಡಿದು. ಹೆಡ್‌ಫೋನು ಅಂದೇ ಮೊದಲ ಸಲ ಕಿವಿಯಿಂದ ವೈರು ತೆಗೆದಳು. ಕಾಂಪೌಂಡರ ಹೆಂಡತಿ, "ಅಯ್ಯೋ, ಅಷ್ಟೇನಾ? ನಾನು ಮಷೀನು ಕದ್ದಿದ್ದೇನೋ ಅಂದ್ಕೊಂಡೆ" ಅಂದಳು. ಬೇಕರಿ ಅತ್ತೆ ಮಾತ್ರ, "ಇದು ಶುದ್ಧ ಮೋಸ" ಎಂದು ಗೋಡೆಗೆ ಹೇಳಿ ಚೀಲ ಎತ್ತಿಕೊಂಡು ಹೊರಟೇಹೋದರು. ಸೊಸೆ ಏಳಲಿಲ್ಲ. "ನನಗೆ ಬ್ಲೇಡು ಕೊಡಿ" ಅಂದಳು. ಅವಳ ದನಿ ನಾವು ಸರಿಯಾಗಿ ಕೇಳಿದ್ದು ಅಂದೇ. ಅತ್ತೆ ಮರುದಿನ ಹತ್ತೂ ಮುಕ್ಕಾಲಿಗೇ ಬಂದು ಕೂತಿದ್ದರು. ಸೊಸೆ ತನಗಿಂತ ಒಂದು ದಿನದ ಪಾಠ ಹೆಚ್ಚು ಕಲಿತರೆ ಆ ಮನೆಯಲ್ಲಿ ಬದುಕು ಉಂಟೇ?

ಆರು ಜನ, ಒಂದು ಅಂಗಿ. ಎಡ ಪಕ್ಕ ಮುಚ್ಚಬೇಕು, ಬಲ ಪಕ್ಕ ತೆರೆಯಬೇಕು. "ನನಗೆ ಗೊತ್ತಿಲ್ಲ, ನೋಡೋಣ" ಎಂದು ಅಕ್ಕ ಬಾಯಿಬಿಟ್ಟು ಹೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತಿತ್ತು. ಆದರೆ ಆ ಮಾತು ಬಂದ ಮೇಲೆ ಅವಳ ಎಡಗಾಲು ನೆಲ ಒತ್ತುವುದನ್ನು ನಿಲ್ಲಿಸಿತ್ತು. ತೋಳಿನ ವಿಷಯದಲ್ಲಿ ಹೆಡ್‌ಫೋನಿನ ಕೈ ಅಕ್ಕನದಕ್ಕಿಂತ ಚೆನ್ನಾಗಿತ್ತು, ಅಕ್ಕ ಅವಳ ಪಕ್ಕ ನಿಂತು ನೋಡಿ ಕಲಿತಳು. ತಿರುಗಿಸಿ ಮುರುಗಿಸಿ ಐದು ಸಲ ಎಡ ಬಲ ನೋಡಿದೆವು. ಬಲ ಅಂತ ನಾನೇ ಬಳಪದಲ್ಲಿ ದೊಡ್ಡದಾಗಿ ಬರೆದೆ.

ಇಷ್ಟಾದರೂ ಒಂದನೇ ತಾರೀಖಿನ ಮಾತು ಅವಳು ಎತ್ತಲಿಲ್ಲ. ಕೇಳಲು ನನಗೆ ಧೈರ್ಯವಿರಲಿಲ್ಲ. ಒಂದು ದಿನ ಮುಂಚೆ ಅವಳು ಫ್ಯಾಕ್ಟರಿಗೆ ಒಯ್ಯುತ್ತಿದ್ದ ಹಳೆಯ ಟಿಫಿನ್ ಡಬ್ಬಿ ತೊಳೆದು ಬೋರಲು ಹಾಕಿದ್ದನ್ನು ನೋಡಿ, ಯಾರಿಗೂ ಕಾಣದ ಹಾಗೆ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಸಿಟ್ಟಿಗೆ ಡಬ್ಬಿಯ ಮುಚ್ಚಳವನ್ನೂ ಅಡಗಿಸಿಟ್ಟೆ.

ಅದೇ ದಿನ ಹನ್ನೊಂದೂವರೆಗೆ ಬೀದಿಯಲ್ಲಿ ಕಾಲೆಳೆಯುವ ಸದ್ದು ಕೇಳಿತು. ಬಾಗಿಲಲ್ಲಿ ಹೆಡ್‌ಮಿಸ್ ನಿಂತಿದ್ದರು. ಅವರ ಭುಜಕ್ಕೆ ಎಡಗೈ ಕೊಟ್ಟು, ಮೂರು ಬೀದಿ ನಡೆದ ಬೆವರಿನಲ್ಲಿ, ಯಜಮಾನರು. ತಿಳಿನೀಲಿ ಅಂಗಿ. ಮಡಚಿದ ಬಲಗೈಯ ಸುತ್ತ ಬಟ್ಟೆ ಸುಮ್ಮನೆ ಮಲಗಿತ್ತು, ಬಟನ್ನು ಎಲ್ಲಿದೆ ಎಂದು ನಮಗಲ್ಲದೆ ಬೇರೆಯವರಿಗೆ ತಿಳಿಯುವಂತಿರಲಿಲ್ಲ. ಮೇಲಿನ ಗುಂಡಿಯವರೆಗೆ ಹಾಕಿದ್ದರು.

ಯಾರೋ "ಕುರ್ಚಿ, ಕುರ್ಚಿ" ಅಂದರು. ಭಾವ ಒಂದೇ ಉಸಿರಿಗೆ ಅಟ್ಟ ಹತ್ತಿ ತಮ್ಮ ಕುರ್ಚಿ ಇಳಿಸಿ, ಧೂಳು ಹೊಡೆದು, ಕೋಣೆಯ ನಟ್ಟನಡುವೆ ಇಟ್ಟರು. ಯಜಮಾನರು ನೆಟ್ಟಗೆ ಕೂತರು, ಬ್ಯಾಂಕಿನಲ್ಲಿ ಕೂತ ಹಾಗೆ. ಕಾಂಪೌಂಡರ ಹೆಂಡತಿ ನೀರು ತಂದು ಕೊಟ್ಟಳು.

ಅಕ್ಕ ಅವರ ಮುಂದೆ ಬರಲಿಲ್ಲ. ಗೋಡೆಯ ಪಕ್ಕದಿಂದ ಸುತ್ತಿಕೊಂಡು ಹೋಗಿ ಕುರ್ಚಿಯ ಹಿಂದೆ ನಿಂತಳು. ಕತ್ತರಿಸಿದ ನರೆಗೂದಲು, ಅದರ ಕೆಳಗೆ ಸುಕ್ಕುಬಿದ್ದ ಕತ್ತು, ಕತ್ತಿನ ಸುತ್ತ ಅವಳ ಕಾಲರು. ಅವರು ಹೆಂಡತಿಯ ಕಡೆ ತಿರುಗಿದಾಗ ಅದೂ ಮೆಲ್ಲಗೆ ತಿರುಗಿತು, ತಲೆ ಬಗ್ಗಿಸಿದಾಗ ಹಿಂದೆ ಒಂದಿಷ್ಟು ಎದ್ದು ಮತ್ತೆ ಕೂತಿತು. ಅಕ್ಕ ಬಾಯಿ ತೆರೆದುಕೊಂಡು ನೋಡುತ್ತಿದ್ದಳು.

"ಹೀಗೆ ಕೂರುತ್ತೇನೇ ಇದು?" ಎಂದು ನನ್ನನ್ನು ಕೇಳಿದಳು, ಪಿಸುದನಿಯಲ್ಲಿ.

"ಹೂಂ ಕಣೇ. ಹೀಗೇ ಕೂರೋದು."

ಟೇಬಲಿನ ಮೇಲೆ ಅವಳ ಫೋನು ಬಡಿದುಕೊಂಡಿತು. ಯಾರೆಂದು ನನಗೂ ಗೊತ್ತು, ಅವಳಿಗೂ ಗೊತ್ತು. ಕತ್ತಿನಿಂದ ಕಣ್ಣು ತೆಗೆಯದೆಯೇ ಎತ್ತಿಕೊಂಡಳು. ಆ ಕಡೆಯಿಂದ ಸೂಪರ್‌ವೈಸರನ ದನಿ ಎಲ್ಲರಿಗೂ ಕೇಳುವಷ್ಟು ಜೋರಾಗಿತ್ತು. ನಾಳೆ ಎಂಟು ಗಂಟೆ, ತಡ ಮಾಡಬೇಡ, ಕಾಲರಿಗೆ ನಿನ್ನಂಥ ಕೈ ಇನ್ನೊಂದಿಲ್ಲ ಅನ್ನುತ್ತಿದ್ದ.

"ಆಗಲ್ಲ ಸಾರ್" ಅಂದಳು ಅಕ್ಕ. "ನಾನಿನ್ನೂ ತೋಳು ಕಲೀತಾ ಇದೀನಿ."

ಫೋನು ಇಟ್ಟು, ಹೆಡ್‌ಫೋನಿನ ಮಷೀನಿನ ಹತ್ತಿರ ಸ್ಟೂಲು ಎಳೆದುಕೊಂಡು ಕೂತಳು. ನಾನು ಹೋಗಿ ಡಬ್ಬಿಯ ಮುಚ್ಚಳ ಅದರ ಜಾಗದಲ್ಲಿಟ್ಟು ಬಂದೆ.